ಲಾನ್ ಕೇಳಿದ ಮನೆಗೆ ನೆರಳಿನ ನಕ್ಷೆ: ರಾಯಚೂರಿನ ಒಂದು ಪ್ರಕರಣ

ರಾಯಚೂರಿನ ಹೊರವಲಯದ ಒಂದು ಹೊಸ ಬಡಾವಣೆ. 40×60 ಸೈಟು, ಪಶ್ಚಿಮಕ್ಕೆ ಮುಖ ಮಾಡಿದ ಮನೆ. ಕಟ್ಟಿ ಮುಗಿದಿದೆ, ಗೃಹಪ್ರವೇಶವೂ ಆಗಿದೆ. ಮುಂದೆ 15 ಅಡಿ, ಹಿಂದೆ 12 ಅಡಿ, ಎಡಬಲಕ್ಕೆ ನಾಲ್ಕು ನಾಲ್ಕು ಅಡಿ ಜಾಗ ಉಳಿದಿದೆ. ಮನೆಯಲ್ಲಿ ಇರುವವರು ನಿವೃತ್ತ ಮಾಸ್ತರು, ಅವರ ಹೆಂಡತಿ, ಎಂಬತ್ತು ದಾಟಿದ ತಾಯಿ. ಮಗ, ಸೊಸೆ, ಪುಟ್ಟ ಮೊಮ್ಮಗಳು ಬೆಂಗಳೂರಿನಲ್ಲಿ ಇರುತ್ತಾರೆ, ರಜೆಗೆ ಬರುತ್ತಾರೆ. ಮನೆ ತೋಟಗಳ ವಿನ್ಯಾಸ ಮಾಡಿಕೊಡುವುದು ನನ್ನ ಕೆಲಸ. ಈ ಮನೆಯವರು ನನ್ನನ್ನು ಕರೆದಾಗ ಅವರ ಕೈಯಲ್ಲಿ ಆಗಲೇ ಒಂದು ಕೊಟೇಶನ್ ಇತ್ತು. ಬೇರೆ ಊರಿನ ಒಬ್ಬ ವಿನ್ಯಾಸಕಾರರಿಂದ ಮಗ ತರಿಸಿದ್ದು. ಸೈಟಿಗೆ ಬರದೆ, ಫೋಟೋ ನೋಡಿ ಮಾಡಿಕೊಟ್ಟದ್ದು.

ಅದರಲ್ಲಿ ಏನಿತ್ತು ಅಂದರೆ, ಮುಂದೆ 450 ಚದರ ಅಡಿ ಲಾನ್, ಗೇಟಿನ ಎರಡೂ ಪಕ್ಕ ತೆಂಗು, ಕಿಟಕಿಯ ಕೆಳಗೆ ಗೋಡೆಗೆ ತಾಗಿಸಿ ಹೂವಿನ ಪಾತಿ, ಕಾಂಪೌಂಡ್ ಉದ್ದಕ್ಕೂ ಕೊನೊಕಾರ್ಪಸ್ ಬೇಲಿ, ನಡುವೆ ಬಿಳಿ ಬೆಣಚು ಕಲ್ಲು, ಅರೇಕಾ ಪಾಮ್, ಕೆಂಪು ಕಣಗಿಲೆ. ಚಿತ್ರ ಚೆನ್ನಾಗಿತ್ತು. ಮಾಸ್ತರಿಗೂ ಇಷ್ಟವಾಗಿತ್ತು. ಆದರೆ ಅವರ ಹೆಂಡತಿ ಒಂದೇ ಮಾತು ಕೇಳಿದರು: "ಇದಕ್ಕೆಲ್ಲ ನೀರು ಯಾರು ತರ್ತಾರೆ?" ನನ್ನ ಪ್ರಕಾರ ನಮ್ಮ ಭಾಗದಲ್ಲಿ ತೋಟದ ಮಾತು ಶುರುವಾಗಬೇಕಾದದ್ದು ಅಲ್ಲಿಂದಲೇ.

ಹಾಗಾಗಿ ಮೊದಲು ಲೆಕ್ಕ ಹಾಕಿದೆವು. ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ನೀರು ಅಂದರೆ ಒಂದು ಲೀಟರ್. ಏಪ್ರಿಲ್, ಮೇ ತಿಂಗಳ ನಮ್ಮ ಬಿಸಿಲಿಗೆ ಹುಲ್ಲು ಹಸಿರಾಗಿ ಉಳಿಯಬೇಕಾದರೆ ದಿನಕ್ಕೆ ಚದರ ಮೀಟರಿಗೆ ಹತ್ತಿರ ಹತ್ತಿರ ಐದು ಲೀಟರ್ ಬೇಕು. 450 ಚದರ ಅಡಿ ಅಂದರೆ 42 ಚದರ ಮೀಟರ್. ದಿನಕ್ಕೆ 200 ಲೀಟರ್ ಮೇಲಾಯಿತು. ಬೆಳೆದ ತೆಂಗಿನ ಮರ ಬೇಸಿಗೆಯಲ್ಲಿ ಒಂದಕ್ಕೆ 50 ಲೀಟರ್ ಹಿಡಿದರೂ ಎರಡಕ್ಕೆ ನೂರು. ಒಟ್ಟು 300 ಲೀಟರ್ ದಾಟಿತು, ಪಾಮ್ ಮತ್ತು ಹೂವಿನ ಪಾತಿ ಇನ್ನೂ ಸೇರಿಲ್ಲ. ಅವರ ಮಾಳಿಗೆಯ ಮೇಲಿರುವ ಟ್ಯಾಂಕು 1000 ಲೀಟರಿನದು. ಮೂವರು ವಯಸ್ಸಾದವರ ಮನೆಯಲ್ಲಿ, ನಲ್ಲಿ ನೀರು ದಿನಾ ಬರದ ಬಡಾವಣೆಯಲ್ಲಿ, ಟ್ಯಾಂಕಿನ ಮೂರರಲ್ಲಿ ಒಂದು ಪಾಲು ಹುಲ್ಲಿಗೆ ಮತ್ತು ತೆಂಗಿಗೆ ಹೋಗುತ್ತದೆ. ಈ ಲೆಕ್ಕ ಕಾಗದದ ಮೇಲೆ ಬಂದ ಮೇಲೆ ಮಗನೇ ಫೋನಿನಲ್ಲಿ ಲಾನ್ ಬೇಡ ಅಂದರು.

ಬೋರ್‌ವೆಲ್ ಇದೆಯಲ್ಲ ಅಂತ ಕೇಳಬಹುದು. ಇದೆ. ನಲ್ಲಿಯ ಬಾಯಿಗೆ, ಬಕೆಟಿನ ಅಂಚಿಗೆ ಬಿಳಿ ಪದರು ಕಟ್ಟಿತ್ತು. ಮಣ್ಣು ಮತ್ತು ನೀರು ಎರಡನ್ನೂ ಪರೀಕ್ಷೆಗೆ ಕೊಡಿಸಿದೆ. ನೀರಿನ ಟಿಡಿಎಸ್, ಅಂದರೆ ಕರಗಿದ ಉಪ್ಪಿನಂಶ, ಲೀಟರಿಗೆ 1400 ಮಿಲಿಗ್ರಾಂ ಆಸುಪಾಸು ಬಂತು, ಸೋಡಿಯಂ ಕೂಡ ಜಾಸ್ತಿ. ಮಣ್ಣಿನ ಪಿಎಚ್ 8.6, ಅಂದರೆ ಕ್ಷಾರ ಮಣ್ಣು. ಇಂಥ ನೀರು ದಿನಾ ಸ್ವಲ್ಪ ಸ್ವಲ್ಪ ಹಾಕುತ್ತಾ ಹೋದರೆ ನೀರು ಆರಿ ಹೋಗಿ ಉಪ್ಪು ಮಾತ್ರ ಮೇಲುಮಣ್ಣಿನಲ್ಲಿ ಉಳಿಯುತ್ತದೆ. ಅರೇಕಾ ಪಾಮಿನ ಎಲೆಯ ತುದಿ ಸುಟ್ಟಂತೆ ಕಂದಾಗುವುದಕ್ಕೆ ನಮ್ಮ ಊರಲ್ಲಿ ಬಿಸಿಲಿನಷ್ಟೇ ಈ ಉಪ್ಪೂ ಕಾರಣ. ಜನ ಬಿಸಿಲನ್ನೇ ದೂರಿ ಇನ್ನಷ್ಟು ನೀರು ಹಾಕುತ್ತಾರೆ, ಅದೇ ಬೋರ್ ನೀರು.

ತೋಟ ಮಾಡಿಸಬೇಕು ಅಂತ ಯಾರು ಕೇಳಿದರೂ ನಾನು ಹೇಳುವುದು ಇದನ್ನೇ. ವಿನ್ಯಾಸಕಾರರನ್ನು ಕರೆಯುವ ಮೊದಲು ಮಣ್ಣು, ನೀರು ಪರೀಕ್ಷೆ ಮಾಡಿಸಿ ಇಟ್ಟುಕೊಳ್ಳಿ. ಕೃಷಿ ವಿಜ್ಞಾನ ಕೇಂದ್ರಗಳಲ್ಲಿ ಕಡಿಮೆ ಖರ್ಚಿನಲ್ಲಿ ಮಾಡುತ್ತಾರೆ. ಆ ವರದಿ ನೋಡದೆ ಗಿಡದ ಪಟ್ಟಿ ಕೊಡುವವರ ಪಟ್ಟಿಯನ್ನು ಅಷ್ಟು ಗಟ್ಟಿಯಾಗಿ ನಂಬಬೇಡಿ.

ಬಿಸಿಲು ಎಲ್ಲಿಂದ ಬರುತ್ತದೆ

ಈ ಮನೆಯ ದೊಡ್ಡ ತೊಂದರೆ ತೋಟದ್ದೇ ಆಗಿರಲಿಲ್ಲ. ಅಜ್ಜಿ ಮಲಗುವ ಕೋಣೆ ವಾಯವ್ಯ ಮೂಲೆಯಲ್ಲಿತ್ತು, ಕಿಟಕಿ ಪಶ್ಚಿಮಕ್ಕೆ. ಮಧ್ಯಾಹ್ನ ಮೂರರಿಂದ ಸೂರ್ಯ ಮುಳುಗುವವರೆಗೆ ಆ ಗೋಡೆ ಕಾಯುತ್ತಿತ್ತು, ರಾತ್ರಿ ಹನ್ನೊಂದರವರೆಗೂ ಒಳಗೆ ಶಾಖ ಬಿಡುತ್ತಿತ್ತು. ಕಿಟಕಿಯ ಮೇಲೆ ಎರಡು ಅಡಿ ಸಜ್ಜಾ ಇದೆ, ಮತ್ಯಾಕೆ ಹೀಗೆ ಅಂತ ಮಾಸ್ತರು ಕೇಳಿದರು. ಮೇ ತಿಂಗಳಲ್ಲಿ ಸಂಜೆ ನಾಲ್ಕಕ್ಕೆ ಇಲ್ಲಿ ಸೂರ್ಯ ದಿಗಂತದಿಂದ ಸುಮಾರು 37 ಡಿಗ್ರಿ ಎತ್ತರದಲ್ಲಿ ಇರುತ್ತಾನೆ. ಆಗ ಎರಡು ಅಡಿ ಸಜ್ಜಾದ ನೆರಳು ಗೋಡೆಯ ಮೇಲೆ ಒಂದೂವರೆ ಅಡಿ ಮಾತ್ರ ಇಳಿಯುತ್ತದೆ. ಐದು ಗಂಟೆಗೆ ಒಂದು ಅಡಿಯೂ ಇಲ್ಲ. ಪಶ್ಚಿಮದ ಬಿಸಿಲನ್ನು ಮೇಲಿನಿಂದ ತಡೆಯುವುದಕ್ಕೆ ಆಗುವುದಿಲ್ಲ, ಎದುರಿನಿಂದಲೇ ತಡೆಯಬೇಕು. ಎದುರಿಗೆ ಮರ ಬೇಕು, ಇಲ್ಲವಾದರೆ ಬಳ್ಳಿ ಹಬ್ಬಿದ ಚಪ್ಪರ ಬೇಕು.

ಇಲ್ಲಿ ಇನ್ನೊಂದು ಸೂಕ್ಷ್ಮ ಇದೆ, ಇದು ನನಗೆ ತುಂಬಾ ಮುಖ್ಯ ಅನಿಸುತ್ತದೆ. ರಾಯಚೂರು ಇರುವುದು ಸುಮಾರು 16 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮೇ ಮೊದಲ ವಾರದಿಂದ ಆಗಸ್ಟ್ ಮೊದಲ ವಾರದವರೆಗೆ ನಡುಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಯಿಂದ ಸ್ವಲ್ಪ ಉತ್ತರಕ್ಕೆ ಇರುತ್ತಾನೆ. ಮೇ ತಿಂಗಳಲ್ಲಿ ಮುಳುಗುವುದು ನೇರ ಪಶ್ಚಿಮಕ್ಕಿಂತ ಸುಮಾರು 20 ಡಿಗ್ರಿ ಉತ್ತರಕ್ಕೆ. ಅಂದರೆ "ಉತ್ತರದ ಕಡೆ ಯಾವಾಗಲೂ ನೆರಳು, ಅಲ್ಲಿ ನೆರಳಿನ ಗಿಡ ಇಡಿ" ಅನ್ನುವ ಸಲಹೆ ನಮ್ಮ ಬೇಸಿಗೆಗೆ ಹೊಂದುವುದಿಲ್ಲ. ಮರವನ್ನು ಕಿಟಕಿಯ ನೇರಕ್ಕೆ ನೆಟ್ಟರೂ ಬೇಸಿಗೆಯ ಸಂಜೆ ಬಿಸಿಲು ಅದರ ಉತ್ತರದ ಪಕ್ಕದಿಂದ ಒಳಗೆ ಬರುತ್ತದೆ. ಅದಕ್ಕೇ ಮರದ ಜಾಗವನ್ನು ಕಿಟಕಿಯ ನೇರದಿಂದ ಮೂರು ಅಡಿ ಉತ್ತರಕ್ಕೆ ಗುರುತಿಸಿದೆ, ಗೋಡೆಯಿಂದ 12 ಅಡಿ ದೂರ. ಅಲ್ಲಿ ಮರ 15 ಅಡಿ ಎತ್ತರ ಬೆಳೆದರೆ ನಾಲ್ಕು ಗಂಟೆಗೆ ಗೋಡೆಯ ಆರು ಅಡಿ ಎತ್ತರದವರೆಗೆ, ಐದು ಗಂಟೆಗೆ ಹತ್ತು ಅಡಿಯವರೆಗೆ ನೆರಳು ಬೀಳುತ್ತದೆ. ಕಿಟಕಿ ಪೂರ್ತಿ ಮುಚ್ಚಿದಂತೆಯೇ.

ಯಾವ ಮರ? ಮಾಸ್ತರಿಗೆ ಕಕ್ಕೆ ಬೇಕಿತ್ತು, ಹಳದಿ ಹೂವಿನ ಗೊಂಚಲಿಗಾಗಿ. ಕಕ್ಕೆ ನನಗೂ ಇಷ್ಟ. ಆದರೆ ಅದು ಎಲೆ ಉದುರಿಸಿ ನಿಲ್ಲುವುದು ನಮಗೆ ನೆರಳು ಬೇಕಾದ ಬೇಸಿಗೆಯಲ್ಲೇ. ಬೇವು ಬೇಸಿಗೆಗೆ ತುಂಬಿ ನಿಲ್ಲುತ್ತದೆ, ಆದರೆ 15 ಅಡಿ ಜಾಗಕ್ಕೆ ಅದು ತೀರಾ ದೊಡ್ಡದು. ಕೊನೆಗೆ ಹೊಂಗೆ ಒಪ್ಪಿದೆವು. ಎಲೆ ಉದುರಿಸಿದರೂ ಬಹಳ ದಿನ ಬೋಳಾಗಿ ಇರುವುದಿಲ್ಲ, ಏಪ್ರಿಲ್ ಹೊತ್ತಿಗೆ ಹೊಸ ಎಲೆ ತುಂಬಿಕೊಂಡು ದಟ್ಟವಾಗುತ್ತದೆ. ಉಪ್ಪು ನೀರು, ಎರೆ ಮಣ್ಣು ಎರಡನ್ನೂ ತಡೆಯುತ್ತದೆ. ವರ್ಷಕ್ಕೊಮ್ಮೆ ಸವರಿ 15ರಿಂದ 18 ಅಡಿಯೊಳಗೆ ಇಡಬೇಕು ಅನ್ನುವ ಷರತ್ತನ್ನು ನಕ್ಷೆಯ ಮೇಲೆಯೇ ಬರೆದೆ. ಮರ ಬೆಳೆಯುವವರೆಗೆ ಏನು ಮಾಡುವುದು? ಗೋಡೆಯಿಂದ ಎರಡು ಅಡಿ ಬಿಟ್ಟು ಕಬ್ಬಿಣದ ಚೌಕಟ್ಟು, ಅದರ ಮೇಲೆ ರಂಗೂನ್ ಮಲ್ಲಿಗೆ ಬಳ್ಳಿ. ಬಳ್ಳಿ ಹಬ್ಬುವವರೆಗೆ ಅದೇ ಚೌಕಟ್ಟಿಗೆ ನೆರಳು ಪರದೆ.

ಕೊಟೇಶನ್ನಿನಲ್ಲಿದ್ದ ಬಿಳಿ ಬೆಣಚು ಕಲ್ಲು ಕೈಬಿಟ್ಟಿದ್ದಕ್ಕೂ ಇದೇ ಕಾರಣ. ಬಿಳಿ ಕಲ್ಲು ಬಿಸಿಲನ್ನು ತಿರುಗಿಸಿ ಕಿಟಕಿಗೆ, ಗೋಡೆಗೆ, ಗಿಡದ ಎಲೆಯ ಕೆಳಗೆ ಎಸೆಯುತ್ತದೆ. ಆಗ ಕಣ್ಣಿಗೂ ಕಷ್ಟ, ಗಿಡಕ್ಕೂ ಕಷ್ಟ.

ಎರೆ ಮಣ್ಣು ಮತ್ತು ಮನೆಯ ಪಾಯ

ಸೈಟಿನ ಮೇಲೆ ಕಾಣುತ್ತಿದ್ದದ್ದು ಗರಸು, ಅಂದರೆ ಕಲ್ಲು ಬೆರೆತ ಒರಟು ಮಣ್ಣು. ಮನೆ ಕಟ್ಟುವಾಗ ಒಂದೂವರೆ ಅಡಿ ತುಂಬಿದ್ದರು, ಅದರೊಳಗೆ ಇಟ್ಟಿಗೆ ಚೂರು, ಸಿಮೆಂಟಿನ ಹೆಂಟೆ. ಕೆಳಗೆ ಅಪ್ಪಟ ಎರೆ ಮಣ್ಣು. ಎರೆ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರುಕು ಬಿಡುತ್ತದೆ. ಹೊಲದಲ್ಲಿ ಕೈ ಹೋಗುವಷ್ಟು ಬಿರುಕು ನಾವೆಲ್ಲ ನೋಡಿದ್ದೇವೆ ಅಲ್ವಾ? ಅದೇ ಮಣ್ಣು ಪಾಯದ ಪಕ್ಕದಲ್ಲೂ ಇರುತ್ತದೆ. ಕೊಟೇಶನ್ನಿನಲ್ಲಿ ಇದ್ದ ಹಾಗೆ ಗೋಡೆಗೆ ತಾಗಿಸಿ ಹೂವಿನ ಪಾತಿ ಮಾಡಿ ದಿನಾ ನೀರು ಹಾಕಿದರೆ ಪಾಯದ ಒಂದು ಬದಿ ಉಬ್ಬಿ ಇನ್ನೊಂದು ಬದಿ ಒಣಗಿ ಉಳಿಯುತ್ತದೆ, ಗೋಡೆಯಲ್ಲಿ ಓರೆ ಬಿರುಕು ಬರುವುದು ಹೀಗೆಯೇ. ತೀರಾ ಹತ್ತಿರ ದೊಡ್ಡ ಮರ ನೆಟ್ಟರೆ ಅದು ಉಲ್ಟಾ ಆಗುತ್ತದೆ. ಬೇರು ನೀರು ಹೀರಿ ಮಣ್ಣು ಕುಗ್ಗಿ ಪಾಯ ಕುಸಿಯುತ್ತದೆ. ಹೊಂಗೆಯನ್ನು ಕಾಂಪೌಂಡಿನ ಕಡೆಗೆ ತಳ್ಳಿದ್ದಕ್ಕೆ, ಚಿಕ್ಕದಾಗಿಯೇ ಇಡಬೇಕು ಅಂತ ಒತ್ತಿ ಹೇಳಿದ್ದಕ್ಕೆ ಇದೂ ಕಾರಣ.

ಹಾಗಾಗಿ ಮನೆಯ ಸುತ್ತ ಮೂರು ಅಡಿ ಅಗಲ ಶಹಾಬಾದ್ ಪರಸಿ (ಚಪ್ಪಡಿ ಕಲ್ಲು) ಹಾಸಿ, ನೀರು ಗೋಡೆಯಿಂದ ಹೊರಗೆ ಹರಿಯುವ ಹಾಗೆ ಇಳಿಜಾರು ಕೊಡಿಸಿದೆವು. ಗೋಡೆಗೆ ತಾಗಿ ಒಂದು ಗಿಡವೂ ಇಲ್ಲ. ಬಳ್ಳಿಗೂ ಬೇರು ಇರುವುದು ಪರಸಿಯ ಆಚೆ. ಚೌಕಟ್ಟು ಮೇಲಿಂದ ಗೋಡೆಯ ಕಡೆ ಬಾಗಿ ಬರುತ್ತದೆ, ಅಷ್ಟೇ.

ಗುಂಡಿ ತೋಡುವಾಗ ಒಂದು ವಾದ ಆಯಿತು. ಕೆಲಸದವರು "ಸರ್, ಈ ಕರಿ ಮಣ್ಣು ಎಲ್ಲ ತೆಗೆದು ಮಸಾರಿ ಮಣ್ಣು ತುಂಬೋಣ" ಅಂದರು. ಬಹಳ ಜನ ಹೀಗೇ ಮಾಡುತ್ತಾರೆ. ಸುತ್ತ ಗಟ್ಟಿ ಎರೆ, ನಡುವೆ ಮಾತ್ರ ಸಡಿಲ ಮಣ್ಣು ಇದ್ದರೆ ಮಳೆಗಾಲದಲ್ಲಿ ಆ ಗುಂಡಿ ತೊಟ್ಟಿಯ ಹಾಗೆ ನೀರು ಹಿಡಿದು ಬೇರು ಕೊಳೆಯುತ್ತದೆ. ಬೇರು ಕೂಡ ಆ ಗುಂಡಿಯೊಳಗೇ ಸುತ್ತುತ್ತಾ ಉಳಿಯುತ್ತದೆ. ನಾವು ಗರಸು, ಸಿಮೆಂಟ್ ಚೂರು ಮಾತ್ರ ಆರಿಸಿ ಹೊರಗೆ ಹಾಕಿ, ಅದೇ ಎರೆ ಮಣ್ಣಿಗೆ ತಿಪ್ಪೆ ಗೊಬ್ಬರ, ಭತ್ತದ ಹೊಟ್ಟು, ವರದಿ ಹೇಳಿದಷ್ಟು ಜಿಪ್ಸಂ ಬೆರೆಸಿ, ನೆಲದಿಂದ ಅರ್ಧ ಅಡಿ ಎತ್ತರಿಸಿ ನೆಟ್ಟೆವು. ಜಿಪ್ಸಂನಲ್ಲಿರುವ ಕ್ಯಾಲ್ಸಿಯಂ ಮಣ್ಣಿಗೆ ಅಂಟಿದ ಸೋಡಿಯಂ ಬಿಡಿಸುತ್ತದೆ, ನಂತರ ಒಳ್ಳೆ ಮಳೆ ಬಿದ್ದರೆ ಅದು ಕೆಳಗೆ ತೊಳೆದು ಹೋಗುತ್ತದೆ. ಭತ್ತದ ಹೊಟ್ಟಿಗೆ ನಮ್ಮ ಜಿಲ್ಲೆಯಲ್ಲಿ ಬರವಿಲ್ಲ, ರೈಸ್ ಮಿಲ್ಲುಗಳಲ್ಲಿ ರಾಶಿ ಬಿದ್ದಿರುತ್ತದೆ. ತರುವಾಗ ಹೊಟ್ಟು ಮಾತ್ರ ತನ್ನಿ, ಬಾಯ್ಲರಿನ ಕಪ್ಪು ಬೂದಿ ಬೇಡ. ಬೂದಿ ಕ್ಷಾರ, 8.6 ಇರುವ ಮಣ್ಣಿಗೆ ಅದು ಇನ್ನಷ್ಟು ತೊಂದರೆ.

ಮನೆಯವರ ಬಳಕೆ

ಗಿಡದ ಹೆಸರು ಬರೆಯುವ ಮೊದಲು ನಾನು ಮನೆಯ ಪ್ರತಿಯೊಬ್ಬರ ಹತ್ತಿರವೂ ಬೇರೆ ಬೇರೆ ಕೂತು ಮಾತಾಡುತ್ತೇನೆ. ಎಲ್ಲರೂ ಒಟ್ಟಿಗೆ ಕೂತಾಗ ದುಡ್ಡು ಕೊಡುವವರ ಮಾತೇ ನಡೆಯುತ್ತದೆ. ಇಲ್ಲಿ ಅಜ್ಜಿ ಕೇಳಿದ್ದು ಎರಡೇ. ಬೆಳಗಿನ ಪೂಜೆಗೆ ಹೂವು ಮನೆಯಲ್ಲೇ ಸಿಗಬೇಕು, ಸಂಜೆ ಹೊರಗೆ ಕೂತುಕೊಳ್ಳುವುದಕ್ಕೆ ಒಂದು ಕಟ್ಟೆ ಬೇಕು. ಮಾಸ್ತರ ಹೆಂಡತಿಗೆ ಸಂಡಿಗೆ, ಹಪ್ಪಳ, ಮೆಣಸಿನಕಾಯಿ ಒಣಗಿಸುವ ಜಾಗ, ಮತ್ತು ಪುಂಡಿ ಪಲ್ಯ, ಮೆಂತ್ಯ, ಕೊತ್ತಂಬರಿ. ಮಾಸ್ತರಿಗೆ ಹಣ್ಣು. ಮಗನಿಗೆ ಮಗಳು ಆಡುವುದಕ್ಕೆ ಹಸಿರು ನೆಲ. ಕೊಟೇಶನ್ನಿನಲ್ಲಿ ಈ ಮಗನ ಆಸೆ ಒಂದೇ ಇತ್ತು.

ಮುಂದಿನ ಅಂಗಳದ ನೈಋತ್ಯಕ್ಕೆ ಕಾರಿನ ಜಾಗ ಇತ್ತು, ಅಲ್ಲಿ ಬಿಸಿಲು ಚೆನ್ನಾಗಿ ಬೀಳುತ್ತದೆ. ಕಾರು ಇಲ್ಲದ ಹೊತ್ತಿನಲ್ಲಿ ಸಂಡಿಗೆ ಅಲ್ಲೇ. ಹೊಂಗೆಯ ಪೂರ್ವಕ್ಕೆ, ಸಂಜೆ ನೆರಳು ಬೀಳುವ ಕಡೆ, ಅಜ್ಜಿಯ ಕಟ್ಟೆ. ಎತ್ತರ 18 ಇಂಚು, ಮೊಣಕಾಲು ನೋವಿನವರು ಕೂತು ಏಳುವುದಕ್ಕೆ ಸರಿಯಾಗುವಷ್ಟು. ಕಟ್ಟೆಯ ಮುಂದೆ 80 ಚದರ ಅಡಿ ಹಸಿರು, ಅದಕ್ಕೆ ಗರಿಕೆ. ಗರಿಕೆ ಉಪ್ಪು ನೀರು ತಡೆಯುತ್ತದೆ, ಬೇಸಿಗೆಯಲ್ಲಿ ಒಣಗಿದರೂ ಮಳೆಗೆ ಚಿಗುರುತ್ತದೆ, ದಿನಕ್ಕೆ 40 ಲೀಟರ್ ಒಳಗೆ ಸಾಕು. ಗಣೇಶನ ಪೂಜೆಗೂ ಆಯಿತು ಅಂತ ಅಜ್ಜಿಗೆ ಖುಷಿ. ಮೊಮ್ಮಗಳು ಓಡಾಡುವುದಕ್ಕೆ ಅಷ್ಟು ಜಾಗ ಧಾರಾಳ.

ಕಣಗಿಲೆಯನ್ನು ಆ ಮಗುವಿಗಾಗಿಯೇ ಕೈಬಿಟ್ಟೆವು. ಗಟ್ಟಿ ಗಿಡ, ನಮ್ಮ ಬಿಸಿಲಿಗೆ ಹೇಳಿ ಮಾಡಿಸಿದ್ದು, ಆದರೆ ಗಿಡದ ಎಲ್ಲ ಭಾಗವೂ ವಿಷ. ಸಣ್ಣ ಮಕ್ಕಳು ಬರುವ ಮನೆಗೆ ನಾನು ಹಾಕಿಸುವುದಿಲ್ಲ. ಕೊನೊಕಾರ್ಪಸ್ ಬಗ್ಗೆಯೂ ಗಟ್ಟಿಯಾಗಿ ಬೇಡ ಅಂದೆ. ಬೇಗ ಬೆಳೆಯುತ್ತದೆ ಅಂತ ಎಲ್ಲ ಕಡೆ ಹಾಕುತ್ತಿದ್ದಾರೆ. ಅದರ ಬೇರು ನೀರಿನ ಪೈಪು, ಚರಂಡಿಗಳಿಗೆ ನುಗ್ಗುತ್ತದೆ, ಪರಾಗದಿಂದ ಅಲರ್ಜಿಯ ದೂರೂ ಇದೆ. ಗುಜರಾತ್ ಸರ್ಕಾರ 2023ರಲ್ಲಿ ಅದನ್ನು ನೆಡುವುದನ್ನೇ ನಿಷೇಧಿಸಿತು. ಅದರ ಬದಲು ಉತ್ತರದ ಕಾಂಪೌಂಡಿಗೆ ಮದರಂಗಿ ಬೇಲಿ. ಬಿಸಿಲು, ಬರ, ಉಪ್ಪು ಮೂರನ್ನೂ ತಡೆಯುತ್ತದೆ, ಸೊಸೆಗೆ, ಮೊಮ್ಮಗಳಿಗೆ ಕೈಗೆ ಹಚ್ಚಿಕೊಳ್ಳುವುದಕ್ಕೂ ಆಯಿತು.

ಹೂವಿಗೆ ದಾಸವಾಳ, ನಂದಿಬಟ್ಟಲು, ದುಂಡುಮಲ್ಲಿಗೆ. ಹಣ್ಣಿಗೆ ಹಿತ್ತಲಲ್ಲಿ ಸೀತಾಫಲ, ಪೇರಲ. ಮಾಸ್ತರು ನಿಂಬೆಗೆ ಹಟ ಹಿಡಿದರು. ನಿಂಬೆ ಜಾತಿಗೆ ಉಪ್ಪು ನೀರು ಆಗಿ ಬರುವುದಿಲ್ಲ. ಹಾಕುವುದಾದರೆ ಮಳೆ ನೀರಿನ ಆಸರೆಯಲ್ಲಿ ಹಾಕೋಣ ಅಂತ ಒಪ್ಪಂದಕ್ಕೆ ಬಂದೆವು. ಮನೆಯ ಮಾಳಿಗೆ ಹತ್ತಿರ ಹತ್ತಿರ 98 ಚದರ ಮೀಟರ್. 10 ಮಿ.ಮೀ. ಮಳೆ ಬಿದ್ದರೆ ಸಾವಿರ ಲೀಟರಿನ ಹತ್ತಿರ ನೀರು. ರಾಯಚೂರಿನಲ್ಲಿ ವರ್ಷಕ್ಕೆ 600 ಮಿ.ಮೀ. ಆಸುಪಾಸು ಮಳೆ ಹಿಡಿದರೆ ಹತ್ತಿರ ಹತ್ತಿರ 59 ಸಾವಿರ ಲೀಟರ್ ಆ ಮಾಳಿಗೆಯ ಮೇಲೆ ಬೀಳುತ್ತದೆ. ಇಷ್ಟು ದಿನ ಅದೆಲ್ಲ ರಸ್ತೆಗೆ ಹೋಗುತ್ತಿತ್ತು. ಹಿತ್ತಲಲ್ಲಿ ಎರಡು ಸಾವಿರ ಲೀಟರಿನಷ್ಟು ಟ್ಯಾಂಕು ಇಟ್ಟು, ತುಂಬಿ ಹೊರಚೆಲ್ಲುವ ನೀರನ್ನು ಪೂರ್ವದ ಕಾಂಪೌಂಡ್ ಪಕ್ಕದ ಕಾಲುವೆಗೆ ಬಿಟ್ಟೆವು, ಪಾಯದಿಂದ ದೂರ. ನಿಂಬೆ, ಕರಿಬೇವು ಎರಡೂ ಆ ಕಾಲುವೆಯ ದಂಡೆಯ ಮೇಲಿವೆ. ಮಳೆ ನೀರು ಮೇಲಿನ ಉಪ್ಪನ್ನು ತೊಳೆದು ಕೆಳಗೆ ಒಯ್ಯುತ್ತದೆ, ಅದು ಎಲ್ಲಕ್ಕಿಂತ ದೊಡ್ಡ ಲಾಭ.

ಡ್ರಿಪ್ ಹಾಕಿಸಿದೆವು. ಗಡಸು ನೀರಿಗೆ ಸಣ್ಣ ರಂಧ್ರದ ಡ್ರಿಪ್ಪರ್ ಒಂದೇ ವರ್ಷದಲ್ಲಿ ಸುಣ್ಣ ಕಟ್ಟಿ ಮುಚ್ಚುತ್ತದೆ, ಅದಕ್ಕೆ ಬಿಚ್ಚಿ ತೊಳೆಯುವಂಥದ್ದು, ಗಂಟೆಗೆ ಎಂಟು ಲೀಟರ್ ಬಿಡುವಂಥದ್ದು ತಂದೆವು. ದಿನಾ ಚಿಮುಕಿಸುವುದು ಬೇಡ, ಗಿಡ ಬೇರು ಬಿಟ್ಟ ಮೇಲೆ ವಾರಕ್ಕೆ ಎರಡು ಸಲ ಆಳಕ್ಕೆ ಇಳಿಯುವ ಹಾಗೆ ಬಿಡಿ ಅಂತ ಬರೆದುಕೊಟ್ಟೆ. ಬುಡಕ್ಕೆ ಕತ್ತರಿಸಿದ ಹತ್ತಿ ಕಟ್ಟಿಗೆಯ ಹೊದಿಕೆ. ಕುಡಿಯುವ ನೀರು ಶುದ್ಧ ಮಾಡುವ ಆರ್‌ಒ ಯಂತ್ರ ಹೊರಬಿಡುವ ನೀರನ್ನು ಕುಂಡಗಳಿಗೆ ಹಾಕುತ್ತಿದ್ದರು, ಅದನ್ನು ನಿಲ್ಲಿಸಿದೆವು. ಬೋರ್ ನೀರಿಗಿಂತಲೂ ಅದರಲ್ಲಿ ಉಪ್ಪು ಜಾಸ್ತಿ, ನೆಲ ಒರೆಸುವುದಕ್ಕೆ ಸಾಕು.

ದುಡ್ಡಿನ ಮಾತು

ನಾನು ಸಲಹೆಗೆ, ನಕ್ಷೆಗೆ ಶುಲ್ಕ ತಗೊಳ್ಳುತ್ತೇನೆ, ಗಿಡ ಮಾರುವುದಿಲ್ಲ. ಇದನ್ನು ಮೊದಲ ದಿನವೇ ಹೇಳುತ್ತೇನೆ. ಡಿಸೈನ್ ಉಚಿತ ಅನ್ನುವ ಕಡೆ ಆ ದುಡ್ಡು ಗಿಡದ ಬೆಲೆಯಲ್ಲಿ ಸೇರಿರುತ್ತದೆ, ಹಾಗಾಗಿ ಗಿಡದ ಸಂಖ್ಯೆಯೂ ಹೆಚ್ಚುತ್ತದೆ. ಅದು ತಪ್ಪು ಅಂತ ಅಲ್ಲ, ಆದರೆ ಗೊತ್ತಿದ್ದು ಒಪ್ಪಿಕೊಳ್ಳಬೇಕು. ಈ ಮನೆಯಲ್ಲಿ ಖರ್ಚಿನ ದೊಡ್ಡ ಪಾಲು ಹೋದದ್ದು ಪರಸಿ, ಕಬ್ಬಿಣದ ಚೌಕಟ್ಟು, ಗರಸು ತೆಗೆಸುವುದು, ಮಳೆ ನೀರಿನ ಪೈಪು, ಇವಕ್ಕೆ. ಗಿಡಗಳಿಗೆ ಹೋದದ್ದು ಎಲ್ಲಕ್ಕಿಂತ ಕಡಿಮೆ. ಗರಸು ತೆಗೆಸಿದ ಖರ್ಚಂತೂ ಪೂರ್ತಿ ಉಳಿಸಬಹುದಿತ್ತು. ಮನೆಯ ಪಾಯ ತೆಗೆಯುವಾಗಲೇ ಒಮ್ಮೆ ತೋಟದವರನ್ನು ಕರೆದು ಎಲ್ಲಿ ಗರಸು ತುಂಬಬೇಕು, ಎಲ್ಲಿ ಮಣ್ಣು ಹಾಗೇ ಬಿಡಬೇಕು ಅಂತ ಗುರುತು ಹಾಕಿಸಿದರೆ ಸಾಕು. ಮನೆ ಕಟ್ಟಿಸುತ್ತಿರುವವರು ಇದೊಂದನ್ನು ದಯವಿಟ್ಟು ಮಾಡಿ.

ನೆಟ್ಟದ್ದು ಮೃಗಶಿರಾ ಮಳೆ ಬಿದ್ದ ಮೇಲೆ. ಅದಕ್ಕೂ ಮೊದಲು ಬೇಸಿಗೆಯಲ್ಲೇ ನೆಡೋಣ ಅಂತ ಮಗ ಒತ್ತಾಯ ಮಾಡಿದ್ದರು, ರಜೆಯಲ್ಲಿ ಬಂದಾಗ ನೋಡಬಹುದು ಅಂತ. ಕಲ್ಲು, ಪೈಪು, ಚೌಕಟ್ಟಿನ ಕೆಲಸ ಮೇ ತಿಂಗಳಲ್ಲಿ ಮುಗಿಸಿ, ಸಸಿಗಳನ್ನು ಜೂನಿಗೆ ಇಟ್ಟುಕೊಂಡೆವು.

ಈಗ ಎರಡು ಬೇಸಿಗೆ ದಾಟಿವೆ. ರಂಗೂನ್ ಮಲ್ಲಿಗೆ ಚೌಕಟ್ಟು ತುಂಬಿದೆ, ನೆರಳು ಪರದೆ ತೆಗೆದಿದ್ದಾರೆ. ಅಜ್ಜಿಯ ಕೋಣೆಯ ಗೋಡೆ ಸಂಜೆ ಮುಟ್ಟಿದರೆ ಮೊದಲಿನಷ್ಟು ಕಾದಿರುವುದಿಲ್ಲ, ರಾತ್ರಿ ಊಟವಾದ ಮೇಲೆ ಅವರು ನೇರ ಕೋಣೆಗೆ ಹೋಗಿ ಮಲಗುತ್ತಾರೆ. ಹೊಂಗೆ ಇನ್ನೂ 11 ಅಡಿ, ಅದರ ನೆರಳು ಪೂರ್ತಿ ಸಿಗುವುದಕ್ಕೆ ಕಾಯಬೇಕು. ಮದರಂಗಿ ಬೇಲಿ ಎದೆಯೆತ್ತರ ಬಂದಿದೆ. ಪೇರಲ ಕಾಯಿ ಬಿಟ್ಟಿದೆ. ನಿಂಬೆ ಬದುಕಿದೆ, ಆದರೆ ನಿಧಾನ. ಕರಿಬೇವಿನ ಚಿಗುರು ಹಳದಿಯಾಗಿ ನರ ಮಾತ್ರ ಹಸಿರು ಉಳಿದಿತ್ತು. ಕ್ಷಾರ ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಗಿಡಕ್ಕೆ ಸಿಗುವುದಿಲ್ಲ. ಇಡಿಡಿಎಚ್‌ಎ ರೂಪದ ಕಬ್ಬಿಣವನ್ನು (ಕ್ಷಾರ ಮಣ್ಣಿನಲ್ಲೂ ಗಿಡಕ್ಕೆ ಸಿಗುವ ಹಾಗೆ ತಯಾರಿಸಿದ್ದು) ಬುಡಕ್ಕೆ ಕೊಟ್ಟ ಮೇಲೆ ಹೊಸ ಎಲೆ ಹಸಿರಾಗಿ ಬಂತು. ಈ ಮಣ್ಣಿಗೆ ಆ ರೂಪವೇ ಬೇಕು. ಮಾಮೂಲಿ ಫೆರಸ್ ಸಲ್ಫೇಟನ್ನು ಮಣ್ಣಿಗೆ ಹಾಕಿದರೆ ಬೇಗ ಕಟ್ಟಿಹೋಗುತ್ತದೆ.

ಪೂರ್ವದ ಖಾಲಿ ಸೈಟಿನಲ್ಲಿ ಈಗ ಪಾಯ ತೆಗೆದಿದ್ದಾರೆ. ಅಲ್ಲಿ ಎರಡು ಅಂತಸ್ತು ಎದ್ದರೆ ಹಿತ್ತಲಿಗೆ ಬೆಳಗಿನ ಬಿಸಿಲು ಕಡಿಮೆಯಾಗುತ್ತದೆ, ಮಧ್ಯಾಹ್ನದ ಮೇಲೆ ಹೇಗೂ ಮನೆಯದೇ ನೆರಳು. ಆಗ ಪುಂಡಿ, ಮೆಂತ್ಯಕ್ಕೆ ಹಿತ್ತಲು ಸಾಕಾಗಬಹುದು, ಬದನೆ, ಮೆಣಸಿನಕಾಯಿ ಮಾಳಿಗೆಗೆ ಹೋಗಬೇಕು. ಅದಕ್ಕಾಗಿ ಹಿತ್ತಲಿನ ಮಳೆ ನೀರಿನ ಟ್ಯಾಂಕಿನಿಂದ ಮಾಳಿಗೆಗೆ ಒಂದು ಪೈಪು ಮೊದಲೇ ಎಳೆದು ಮುಚ್ಚಳ ಹಾಕಿ ಬಿಟ್ಟಿದ್ದೆವು. ಅದಕ್ಕೆ ಒಂದು ಸಣ್ಣ ಪಂಪು ಜೋಡಿಸಿದರೆ ಮುಗಿಯಿತು. ಕುಂಡಗಳ ಭಾರ ಎಲ್ಲಿ ಇಡಬಹುದು ಅಂತ ಮಾಳಿಗೆಯ ತೊಲೆಗಳ ಗುರುತನ್ನೂ ಮಾಸ್ತರ ಹತ್ತಿರ ಇರುವ ನಕ್ಷೆಯಲ್ಲಿ ಹಾಕಿದ್ದೇನೆ.